ಬೀಳ್ತಿರೋ ತೆಂಗಿನಕಾಯಿ, ಎಡವಿದ ಕಾಲ್ಬೆರಳು

ಕೇಳುಗರೆಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಹಿತ್ತಲಲ್ಲಿ ಕಾಯಿ ಕೀಳಿಸ್ತಾ ಇದ್ವಿ. ಪಕ್ಕದ ಮನೆ ಹುಡುಗಿ, ಒಂಬತ್ತನೇ ಕ್ಲಾಸು, ದೂರದಲ್ಲಿ ನಿಂತು ನೋಡ್ತಾ ಇದ್ದವಳು ಒಂದು ಪ್ರಶ್ನೆ ಕೇಳಿದ್ಲು. ಕಾಯಿ ಮರದಲ್ಲಿದ್ದಾಗ ಪೊಟೆನ್ಷಿಯಲ್ ಎನರ್ಜಿ, ಓಡೋ ವಸ್ತುವಿಗೆ ಕೈನೆಟಿಕ್ ಎನರ್ಜಿ ಅಂತ ನೋಟ್ಸಲ್ಲಿ ಬರ್ಕೊಂಡಿದೀನಿ, ಹಾಗಾದ್ರೆ ಅರ್ಧ ದಾರಿಯಲ್ಲಿ ಬೀಳ್ತಾ ಇರೋ ಕಾಯಿಗೆ ಪೊಟೆನ್ಷಿಯಲ್ ಇರತ್ತೋ ಇರಲ್ವೋ ಅಂತ. ಎಷ್ಟು ಒಳ್ಳೆ ಪ್ರಶ್ನೆ ನೋಡಿ!

ಇರತ್ತೆ, ಖಂಡಿತ ಇರತ್ತೆ. ಸಿಪ್ಪೆ ಸಮೇತ ಒಂದೂವರೆ ಕೆಜಿ ಕಾಯಿ, 20 ಮೀಟರ್ ಎತ್ತರದ ಮರ ಅಂದ್ಕೊಳ್ಳಿ. ತೊಟ್ಟು ಕಳಚೋವಾಗ ಹತ್ರಹತ್ರ 300 ಜೂಲ್ ಪೊಟೆನ್ಷಿಯಲ್ ಎನರ್ಜಿ. 10 ಮೀಟರ್ ಇಳಿದ ಹೊತ್ತಿಗೆ ಅದ್ರಲ್ಲಿ 150 ಜೂಲ್ ಓಟವಾಗಿ ಬದಲಾಗಿರತ್ತೆ, ಅಂದ್ರೆ ಗಂಟೆಗೆ 50 ಕಿಲೋಮೀಟರ್ ವೇಗ, ಉಳಿದ 150 ಇನ್ನೂ ಹಾಗೇ ಬಾಕಿ ಇದೆ, ಯಾಕಂದ್ರೆ ಕೆಳಗೆ ಇನ್ನೂ 10 ಮೀಟರ್ ಬೀಳೋದಿದೆಯಲ್ಲ. ನಮ್ಮಲ್ಲಿ ಕೆಲವರು ಇದನ್ನ ಸ್ಥಿತಿಶಕ್ತಿ ಅಂತಾರೆ, ಸ್ಥಿತಿ ಅಂದ ತಕ್ಷಣ ಸುಮ್ನೆ ನಿಂತಿರೋದು ಅನ್ನೋ ಅರ್ಥ ಮನಸ್ಸಿಗೆ ಬಂದ್ಬಿಡತ್ತೆ, ಮಕ್ಕಳಿಗೆ ಗೊಂದಲ ಆಗೋದು ಅಲ್ಲೇ ಅಂತ ನನಗನ್ಸತ್ತೆ. ಪಾಠಪುಸ್ತಕದ ಪ್ರಚ್ಛನ್ನ ಶಕ್ತಿ ಅನ್ನೋ ಮಾತೇ ವಾಸಿ. ಅಡಗಿರೋದು ಅಂತ, ಅಷ್ಟೇ. ಓಡ್ತಾ ಇದ್ರೂ ಅಡಗಿರಬಹುದು.

ಇನ್ನೊಂದು ವಿಷ್ಯ. ಈ 300 ಜೂಲ್ ಕಾಯಿದೊಂದೇ ಸ್ವತ್ತಲ್ಲ. ಅದೇ ಕಾಯಿ ಮರದ ಪಕ್ಕದ ಬಾವಿಗೆ ಬಿದ್ರೆ ಲೆಕ್ಕ ಬದಲಾಗತ್ತೆ, ಇನ್ನೂ ಆಳಕ್ಕೆ ಹೋಗತ್ತಲ್ಲ. ಎಲ್ಲಿಂದ ಎಲ್ಲಿಗೆ ಅನ್ನೋದು ಗೊತ್ತಿಲ್ದೆ ಇದಕ್ಕೆ ಲೆಕ್ಕವೇ ಇಲ್ಲ. ಕರೆಂಟಿನಲ್ಲೂ ಹಾಗೇನೇ, ವೋಲ್ಟೇಜ್ ಒಂದು ಜಾಗದಲ್ಲಿ ಇರೋದಲ್ಲ, ಎರಡು ಜಾಗದ ಮಧ್ಯೆ ಇರೋದು. ವಿಭವಾಂತರ ಅನ್ನೋ ನಮ್ಮ ಪದದೊಳಗೇ ಆ ಅಂತರ ಕೂತಿದೆ.

ಈಗ ನರಕ್ಕೆ ಬರೋಣ. ಕಾಯಿಗೂ ನರಕ್ಕೂ ಏನು ಸಂಬಂಧ ಅನ್ಬಹುದು ನೀವು. ಶಕ್ತಿ, ನರ ಈ ಎರಡರ ಮೇಲೂ ಕೆಲಸ ಮಾಡಿದ ಒಬ್ಬ ಮನುಷ್ಯ ಇದ್ದ, ಜರ್ಮನಿಯ ಹೆಲ್ಮ್‌ಹೋಲ್ಟ್ಸ್. 1847ರಲ್ಲಿ, ಇನ್ನೂ ಸೈನ್ಯದ ಡಾಕ್ಟರಾಗಿದ್ದಾಗಲೇ, ಶಕ್ತಿ ಎಲ್ಲೂ ಕಳೆದುಹೋಗಲ್ಲ, ರೂಪ ಬದಲಾಯಿಸತ್ತೆ ಅಷ್ಟೇ ಅನ್ನೋದನ್ನ ಗಣಿತದಲ್ಲಿ ತೋರಿಸಿದ. ಪೊಟೆನ್ಷಿಯಲ್ ಎನರ್ಜಿ ಅನ್ನೋ ಹೆಸರು ಆಮೇಲಿಂದು, 1853ರಲ್ಲಿ ಸ್ಕಾಟ್ಲೆಂಡಿನ ರ‍್ಯಾಂಕಿನ್ ಇಟ್ಟಿದ್ದು. ಇದೇ ಹೆಲ್ಮ್‌ಹೋಲ್ಟ್ಸ್ 1850ರ ಹೊತ್ತಿಗೆ ಕಪ್ಪೆ ಕಾಲಿನ ನರ ಹಿಡ್ಕೊಂಡು ಕೂತ. ನರದಲ್ಲಿ ಸಂದೇಶ ಹೋಗೋ ವೇಗವನ್ನ ಅಳೆಯೋಕೇ ಆಗಲ್ಲ ಅಂತ ಅವನ ಗುರು ಮ್ಯುಲರ್ ಹೇಳಿದ್ರು. ಇವನು ಸ್ನಾಯುವಿನ ಹತ್ರ ಒಂದ್ಸಲ, ದೂರದಲ್ಲಿ ಇನ್ನೊಂದ್ಸಲ ನರಕ್ಕೆ ಶಾಕ್ ಕೊಟ್ಟು, ಸ್ನಾಯು ಸೆಟೆಯೋದ್ರಲ್ಲಿ ಎಷ್ಟು ತಡ ಆಗತ್ತೆ ಅಂತ ನೋಡಿದ. ಸೆಕೆಂಡಿಗೆ ಸುಮಾರು 27 ಮೀಟರ್ ಬಂತು. ಹೈವೇ ಮೇಲೆ ಓಡೋ ಬಸ್ಸಿನ ವೇಗ! ತಂತಿಯಲ್ಲಿ ಹೋಗೋ ಕರೆಂಟ್ ಇಷ್ಟು ನಿಧಾನ ಇರೋದು ಸಾಧ್ಯನೇ ಇಲ್ಲ, ಅಂದ್ರೆ ನರ ತಂತಿ ಅಲ್ಲ, ಅಲ್ಲಿ ನಡೀತಿರೋದೇ ಬೇರೆ.

ಏನು ನಡೀತಿದೆ ಅಂದ್ರೆ, ಪ್ರತಿ ನರಕೋಶದ ಪೊರೆಯ ಒಳಗೂ ಹೊರಗೂ ಒಂದು ಎತ್ತರದ ವ್ಯತ್ಯಾಸ ಇಟ್ಟಹಾಗಿದೆ. ಒಳಗಡೆ ಪೊಟ್ಯಾಸಿಯಂ ಹೊರಗಿಗಿಂತ ಸುಮಾರು 30 ಪಟ್ಟು ಜಾಸ್ತಿ, ಹೊರಗಡೆ ಸೋಡಿಯಂ, ನಮ್ಮ ಉಪ್ಪಿನಲ್ಲಿರೋದೇ, ಒಳಗಿಗಿಂತ ಹತ್ತು ಪಟ್ಟು ಜಾಸ್ತಿ. ಸುಮ್ನಿದ್ದಾಗ ಒಳಭಾಗ ಹೊರಗಿಗಿಂತ 70 ಮಿಲಿವೋಲ್ಟ್ ಕೆಳಗಿರತ್ತೆ. ಮಿಲಿವೋಲ್ಟ್ ಅಂದ್ರೆ ಏನೂ ಅಲ್ಲ ಅನ್ಸತ್ತೆ, ಟಾರ್ಚಿನ ಸೆಲ್ಲಲ್ಲೇ ಒಂದೂವರೆ ವೋಲ್ಟ್ ಇದೆಯಲ್ಲ. ಆದ್ರೆ ಆ ಪೊರೆ ಎಷ್ಟು ತೆಳು ಗೊತ್ತಾ, ಸುಮಾರು 5 ನ್ಯಾನೋಮೀಟರ್, ಅಂದ್ರೆ ಒಂದು ಮಿಲಿಮೀಟರನ್ನ ಹತ್ತು ಲಕ್ಷ ಪಾಲು ಮಾಡಿದ್ರೆ ಅದ್ರಲ್ಲಿ ಐದು ಪಾಲು. ಆ ಲೆಕ್ಕ ಹಿಡಿದ್ರೆ ಒಂದು ಮಿಲಿಮೀಟರಿಗೆ 14 ಸಾವಿರ ವೋಲ್ಟ್ ಬೀಳತ್ತೆ. ಗಾಳಿಯಲ್ಲಾದ್ರೆ ಮಿಲಿಮೀಟರಿಗೆ 3 ಸಾವಿರ ವೋಲ್ಟ್ ದಾಟಿದ್ರೇ ಕಿಡಿ ಹಾರತ್ತೆ. ಇಷ್ಟು ಒತ್ತಡವನ್ನ ನಮ್ಮ ಮೈಯೊಳಗಿನ ಜಿಡ್ಡಿನ ಪೊರೆ ಹಗಲೂ ರಾತ್ರಿ ತಡ್ಕೊಂಡು ನಿಂತಿದೆ, ನನಗಂತೂ ಇದನ್ನ ಮೊದಲ ಸಲ ಲೆಕ್ಕ ಹಾಕಿದಾಗ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂರೋ ಹಾಗಾಗಿತ್ತು.

ಸಂದೇಶ ಹೊರಡೋದು ಹೀಗೆ. ಮೈನಸ್ 70 ಇದ್ದದ್ದು ಮೈನಸ್ 55ರ ಹತ್ರ ಬಂತು ಅಂದ್ರೆ ಪೊರೆಯಲ್ಲಿರೋ ಸೋಡಿಯಂ ಬಾಗಿಲುಗಳು ಪಟಪಟ ತೆರ್ಕೊಳ್ಳತ್ವೆ, ಸೋಡಿಯಂ ಒಳಗೆ ನುಗ್ಗತ್ತೆ, ಒಂದು ಮಿಲಿಸೆಕೆಂಡಿನ ಒಳಗೆ ಒಳಭಾಗ ಸೊನ್ನೆ ದಾಟಿ ಪ್ಲಸ್ 30, 40ಕ್ಕೆ ಹೋಗತ್ತೆ, ಅಷ್ಟರಲ್ಲಿ ಪೊಟ್ಯಾಸಿಯಂ ಬಾಗಿಲು ತೆರೆದು ಮತ್ತೆ ಕೆಳಗಿಳಿಯತ್ತೆ. ಈ ಸೊನ್ನೆ ದಾಟೋದನ್ನ ಮೊದಲು ಯಾರೂ ನಿರೀಕ್ಷೆ ಮಾಡಿರಲಿಲ್ಲ, ಸೊನ್ನೆಗೆ ಬಂದು ನಿಲ್ಲತ್ತೆ ಅಂದ್ಕೊಂಡಿದ್ರು. 1939ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಹಾಜ್‌ಕಿನ್, ಹಕ್ಸ್ಲಿ ಇಬ್ಬರೂ ಸ್ಕ್ವಿಡ್ ಅನ್ನೋ ಸಮುದ್ರಜೀವಿಯ ನರದೊಳಗೇ ಸಣ್ಣ ಗಾಜಿನ ನಳಿಗೆ ಇಳಿಸಿ ಅಳೆದಾಗ ಗೊತ್ತಾಯ್ತು, ಆ ನರ ಹೆಚ್ಚುಕಮ್ಮಿ ಅರ್ಧ ಮಿಲಿಮೀಟರ್ ದಪ್ಪ, ಅದಕ್ಕೇ ಸಾಧ್ಯ ಆಗಿದ್ದು. ಉಯ್ಯಾಲೆ ಕೆಳಗೆ ಬಂದು ಆ ಕಡೆ ಏರತ್ತಲ್ಲ ಹಾಗೆ ಅಂತ ಹೇಳೋಕೆ ಬಾಯಿಗೆ ಬರತ್ತೆ, ಆದ್ರೆ ಹಾಗಲ್ಲ. ಉಯ್ಯಾಲೆ ಓಟದ ಜೋರಿಗೆ ಏರತ್ತೆ. ಇಲ್ಲಿ ಹೊರಗಡೆ ಸೋಡಿಯಂ ಅಷ್ಟೊಂದು ಕಿಕ್ಕಿರಿದಿರೋದ್ರಿಂದ ಸೊನ್ನೆ ಆದ್ಮೇಲೂ ಒಳಗೆ ಬರ್ತಾನೇ ಇರತ್ತೆ. ಯುದ್ಧ ಶುರುವಾಗಿ ಕೆಲಸ ನಿಂತು, 1952ರಲ್ಲಿ ಇಬ್ಬರೂ ಪೂರ್ತಿ ಸಮೀಕರಣ ಕೊಟ್ರು, ಹಕ್ಸ್ಲಿ ಆ ಲೆಕ್ಕ ಮಾಡಿದ್ದು ಹಿಡಿ ತಿರುಗಿಸೋ ಮೆಷೀನಿನಲ್ಲಿ. 1963ರಲ್ಲಿ ನೊಬೆಲ್ ಬಂತು.

ಸಂದೇಶ ಮುಂದೆ ಹೋಗೋದು ಹೇಗೆ? ಚಿಕ್ಕವರಿದ್ದಾಗ ಇಟ್ಟಿಗೆಗಳನ್ನ ನೆಟ್ಟಗೆ ಸಾಲಾಗಿ ನಿಲ್ಲಿಸಿ ಮೊದಲನೇದನ್ನ ಬೆರಳಲ್ಲಿ ತಳ್ತಿದ್ವಿ ನೆನಪಿದ್ಯಾ. ಐವತ್ತನೇ ಇಟ್ಟಿಗೆ ಬೀಳೋದು ನಮ್ಮ ಬೆರಳಿನ ಬಲದಿಂದಲ್ಲ, ಅದನ್ನ ಯಾರೋ ಎತ್ತಿ ನಿಲ್ಲಿಸಿದ್ರಲ್ಲ, ಆ ಶಕ್ತಿಯಿಂದ. ನರವೂ ಅಷ್ಟೇ, ಒಂದು ತುಣುಕು ತನ್ನ ಪೊಟೆನ್ಷಿಯಲ್ ಬಿಟ್ಟುಕೊಟ್ಟು ಪಕ್ಕದ ತುಣುಕನ್ನ ಬರೀ ತಟ್ಟತ್ತೆ, ಅದಕ್ಕೇ ಸಂದೇಶ ಎಷ್ಟು ದೂರ ಹೋದ್ರೂ ಸೊರಗಲ್ಲ. ನಮ್ಮ ಇಟ್ಟಿಗೆ ಬಿದ್ರೆ ಬಿದ್ದಹಾಗೇ, ನರದ್ದು ತಾನಾಗೇ ಎದ್ದು ನಿಲ್ಲತ್ತೆ. ಒಂದು ಸಂದೇಶಕ್ಕೆ ಖರ್ಚಾಗೋ ಸೋಡಿಯಂ, ಪೊಟ್ಯಾಸಿಯಂ ತೀರಾ ಅತ್ಯಲ್ಪ, ಅದನ್ನೂ ವಾಪಸ್ ಸಾಗಿಸೋಕೆ ಪಂಪ್ ಇದೆ. ಡೆನ್ಮಾರ್ಕಿನ ಸ್ಕೌ 1957ರಲ್ಲಿ ಏಡಿಯ ನರದಲ್ಲಿ ಅದನ್ನ ಕಂಡುಹಿಡಿದ್ರು. ಮೂರು ಸೋಡಿಯಂ ಆಚೆ, ಎರಡು ಪೊಟ್ಯಾಸಿಯಂ ಒಳಗೆ, ಹೀಗೆ ಜೀವ ಇರೋವರೆಗೂ ಎತ್ತಿ ಹಾಕ್ತಾನೇ ಇರತ್ತೆ. ಮೈತೂಕದಲ್ಲಿ ನೂರಕ್ಕೆ ಎರಡು ಪಾಲಿರೋ ಮೆದುಳು ನಾವು ಸುಮ್ನೆ ಕೂತಿದ್ರೂ ಆಮ್ಲಜನಕದಲ್ಲಿ 20 ಪಾಲು ತಿನ್ನತ್ತಲ್ಲ, ಅದ್ರಲ್ಲಿ ದೊಡ್ಡ ಖರ್ಚು ಈ ಎತ್ತಿ ಹಾಕೋ ಕೂಲಿಯದೇ.

ಆ ಹುಡುಗಿಗೆ ನಾನು ಕೊನೆಗೆ ಹೇಳಿದ್ದು ಕಾಯಿ ಲೆಕ್ಕ ಅಲ್ಲ, ಹೊಸ್ತಿಲಿನ ಲೆಕ್ಕ. ಮೊನ್ನೆ ರಾತ್ರಿ ಕರೆಂಟ್ ಹೋದಾಗ ನನ್ನ ಕಾಲಿನ ಕಿರುಬೆರಳು ಹೊಸ್ತಿಲಿಗೆ ಬಡೀತು. ಬಡೀತು ಅನ್ನೋದು ತಕ್ಷಣ ಗೊತ್ತಾಗತ್ತೆ, ಮುಟ್ಟಿದ್ದನ್ನ ಹೇಳೋ ನರಗಳು ಸೆಕೆಂಡಿಗೆ 50 ಮೀಟರ್ ಆಸುಪಾಸಲ್ಲಿ ಓಡತ್ವೆ. ಉರಿಯೋ ನೋವಿನ ಸಣ್ಣ ನರಗಳು ಹಾಗಲ್ಲ, ಸೆಕೆಂಡಿಗೆ ಒಂದು ಮೀಟರ್, ನಾವು ನಡೆಯೋದಕ್ಕಿಂತ ನಿಧಾನ. ಬೆರಳಿಂದ ಸೊಂಟದ ತನಕ ಒಂದೇ ಕೋಶದ ಎಳೆ, ಮೀಟರ್ ಉದ್ದ. ಕತ್ತಲಲ್ಲಿ ಗೋಡೆ ಹಿಡ್ಕೊಂಡು, ಹಲ್ಲು ಕಚ್ಕೊಂಡು ಕಾಯ್ತಾ ನಿಂತೆ. ಅರ್ಧ ಸೆಕೆಂಡ್ ಆಗಿದೆ, ನೋವು ಇನ್ನೂ ಮಂಡಿ ಹತ್ರ ಬರ್ತಾ ಇದೆ, ದಾಟಿ ಬಂದ ಮೀನಖಂಡದಲ್ಲಿ ನರ ಆಗಲೇ ಮತ್ತೆ ಎದ್ದು ನಿಂತಿದೆ, ಮುಂದೆ ತೊಡೆಯ ಉದ್ದಕ್ಕೂ ಮೈನಸ್ 70 ಮಿಲಿವೋಲ್ಟ್ ಹಾಗೇ ಮುಟ್ಟದೆ ಬಾಕಿ ಇದೆ, ಅರ್ಧ ದಾರಿ ಬಿದ್ದ ಆ ಕಾಯಿಯ 150 ಜೂಲಿನ ಹಾಗೆ.