ಮೀಟರ್ ನೋಡಬೇಡಿ, ರಬ್ಬರ್ ನೋಡಿ

ನಮಸ್ಕಾರ. ಇವತ್ತು ಗ್ಯಾರೇಜಿನಲ್ಲೇ ಕೂತು ಮಾತಾಡುತ್ತಿದ್ದೇನೆ, ಹಿಂದೆ ಹೀಟರ್ ಸದ್ದು ಕೇಳಿಸಿದರೆ ಸ್ವಲ್ಪ ಸಹಿಸಿಕೊಳ್ಳಿ. ಡೆಟ್ರಾಯಿಟ್ ಪಕ್ಕದ ಊರು, ಮಾರ್ಚ್ ತಿಂಗಳು, ಹಿಮ ಕರಗಲಿ ಅಂತ ರಸ್ತೆಗೆ ಸುರಿದ, ಕಾರಿಗೆ ತುಕ್ಕು ಹಿಡಿಸುವ ಉಪ್ಪು ಇನ್ನೂ ಹಾಗೇ ಇದೆ. ಅದಕ್ಕೇ ನನ್ನ ಬೆನ್ನ ಹಿಂದೆ ಕಾಣುತ್ತಿರುವ ಈ ಕೆಂಪು ಕಾರು ಇನ್ನೊಂದು ತಿಂಗಳು ಹೊರಗೆ ಕಾಲಿಡುವುದಿಲ್ಲ. 1992ರ ಮಜ್ದಾ ಮಿಯಾಟಾ. ಎರಡೇ ಸೀಟು, ಮಡಚುವ ಬಟ್ಟೆಯ ಛಾವಣಿ, ಗುಂಡಿ ಒತ್ತಿದರೆ ಕಪ್ಪೆ ಕಣ್ಣಿನ ಹಾಗೆ ಮೇಲೆದ್ದು ಬರುವ ಹೆಡ್‌ಲೈಟು.

ಹಳೆ ಸ್ಪೋರ್ಟ್ಸ್ ಕಾರು ತಗೊಳ್ಳಬೇಕು ಅನ್ನುವವರು ನನಗೆ ಮೊದಲು ಕಳಿಸುವುದೇ ಓಡೋಮೀಟರಿನ ಫೋಟೋ. "ಸರ್, ನೋಡಿ, ಮೂವತ್ತು ವರ್ಷದ ಕಾರು, ಓಡಿರೋದು ಬರೀ 38 ಸಾವಿರ ಮೈಲಿ!" ಅವರ ಖುಷಿ ನೋಡಿದರೆ ಪಾಪ ಅನ್ನಿಸುತ್ತದೆ. ಆ ಸಂಖ್ಯೆ ನೋಡಿ ನನಗೆ ಆಗುವುದು ಭಯ. ಯಾಕೆ ಅಂದರೆ ನಾನೂ ಹಾಗೇ ಬಿದ್ದವನು.

ನಾನು ತಗೊಂಡಾಗ ಇದರ ಮೀಟರ್ 41 ಸಾವಿರ ಮೈಲಿ ತೋರಿಸುತ್ತಿತ್ತು. ದಕ್ಷಿಣದ ರಾಜ್ಯದ ಕಾರು, ಉಪ್ಪು ಕಂಡಿಲ್ಲ, ಅಡಿಯಲ್ಲಿ ತುಕ್ಕಿಲ್ಲ. ಮಾರಿದವರು ಒಬ್ಬ ಅಜ್ಜ. ಹತ್ತು ವರ್ಷದಿಂದ ಹೊದಿಕೆ ಹಾಕಿ ನಿಲ್ಲಿಸಿದ್ದರಂತೆ, ಮಗುವಿನ ಹಾಗೆ ನೋಡಿಕೊಂಡಿದ್ದೇನೆ ಅಂದರು. ಅದು ನಿಜವೇ. ಆದರೆ ಮಗುವನ್ನು ಹತ್ತು ವರ್ಷ ಮಂಚದಿಂದ ಇಳಿಸದೆ ಸಾಕಿದರೆ ಅದಕ್ಕೆ ನಡೆಯಲು ಬರುತ್ತದೆಯೇ?

ಎರಡು ವಾರ ಆಗಿತ್ತು ಅಷ್ಟೇ. ಇಂಡಿಯನ್ ಸ್ಟೋರಿನಿಂದ ಕರಿಬೇವು, ನುಗ್ಗೆಕಾಯಿ ತಗೊಂಡು ಬರುತ್ತಿದ್ದೆ. ಸಿಗ್ನಲ್‌ನಲ್ಲಿ ನಿಂತು ಕ್ಲಚ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹೋಗಿ ಅಂಟಿಕೊಂಡಿತು, ಮೇಲೆ ಬರಲೇ ಇಲ್ಲ. ಬೆರಳು ಹಾಕಿ ಎಳೆದು, ಊರಿನಲ್ಲಿ ಬೋರ್‌ವೆಲ್ ಪಂಪ್ ಹೊಡೆಯುತ್ತಿದ್ದ ಹಾಗೆ ಕಾಲಿನಲ್ಲಿ ಒತ್ತಿ ಒತ್ತಿ, ಹೇಗೋ ಒಂದು ಗೇರು ಸಿಕ್ಕಿಸಿಕೊಂಡು ಮನೆಗೆ ಬಂದೆ. ನುಗ್ಗೆಕಾಯಿ ಸಾಂಬಾರಿಗೆ ಆ ದಿನ ರುಚಿಯೇ ಇರಲಿಲ್ಲ.

ಏನಾಗಿತ್ತು ಗೊತ್ತಾ? ಗೇರ್‌ಬಾಕ್ಸಿನ ಪಕ್ಕದಲ್ಲಿ ಕ್ಲಚ್ ಸ್ಲೇವ್ ಸಿಲಿಂಡರ್ ಅಂತ ಒಂದಿದೆ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಪೆಡಲ್ ಒತ್ತಿದಾಗ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವುದು ಅದೇ. ಅದರ ಮೂತಿಯ ಮೇಲಿನ ರಬ್ಬರ್ ಟೊಪ್ಪಿ ಸರಿಸಿದೆ, ಕಾಫಿ ಡಿಕಾಕ್ಷನ್ ಬಣ್ಣದ ದ್ರವ ಮುಂಗೈ ಮೇಲೆ ಇಳಿಯಿತು. ಬ್ರೇಕ್ ಆಯಿಲ್ ಅದು, ಈ ಕ್ಲಚ್ಚಿಗೂ ಅದೇ ಹಾಕುವುದು, ಹೊಸದಾಗಿದ್ದಾಗ ಜೇನಿನ ಬಣ್ಣ ಇರಬೇಕಾದದ್ದು. ಬ್ರೇಕ್ ಆಯಿಲ್‌ಗೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗುಣವಿದೆ. ಕಾರು ನಿಂತೇ ಇದ್ದಾಗ ಆ ತೇವ ಸಿಲಿಂಡರಿನ ಒಳಗೋಡೆಯನ್ನು ತಿನ್ನುತ್ತಾ ಬರುತ್ತದೆ, ಒಳಗಿನ ಬಟ್ಟಲಿನಂಥ ರಬ್ಬರ್ ಸೀಲು ಒಂದೇ ಜಾಗದಲ್ಲಿ ಕೂತು ಗಟ್ಟಿಯಾಗುತ್ತದೆ. ಆಮೇಲೆ ನನ್ನಂಥವನು ಬಂದು ಹುಮ್ಮಸ್ಸಿನಲ್ಲಿ ದಿನಾ ಒತ್ತಲು ಶುರು ಮಾಡುತ್ತಾನೆ. ಆ ಗಟ್ಟಿ ರಬ್ಬರು ಒರಟಾದ ಗೋಡೆಗೆ ಉಜ್ಜಿ ಉಜ್ಜಿ ಹರಿದುಹೋಗುತ್ತದೆ. ಅಜ್ಜನೇ ವಾರಕ್ಕೊಮ್ಮೆ ಓಡಿಸಿ, ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದ್ದರೆ ಅದು ಇನ್ನೂ ಎಷ್ಟೋ ವರ್ಷ ಬಾಳುತ್ತಿತ್ತು.

ಬದಲಿಸುವುದು ಸುಲಭ. ಎರಡು ಬೋಲ್ಟು, ಒಂದು ಪೈಪು. ಕಷ್ಟ ಇರುವುದು ಒಳಗೆ ಸೇರಿದ ಗಾಳಿ ತೆಗೆಯುವುದರಲ್ಲಿ. ಅದಕ್ಕೆ ಇಬ್ಬರು ಬೇಕು. ನಾನು ಕಾರಿನ ಕೆಳಗೆ ಸ್ಪ್ಯಾನರ್ ಹಿಡಿದು ಮಲಗಿದ್ದೇನೆ, ಹೆಂಡತಿ ಸೀಟಿನಲ್ಲಿ.

"ಒತ್ತು."
"ಒತ್ತಿದೆ."
"ಹಿಡ್ಕೋ, ಬಿಡ್ಬೇಡ... ಹಾಂ, ಈಗ ಬಿಡು."
"ಇನ್ನೂ ಎಷ್ಟು ಸಲ ರೀ? ನನಗೆ ಹತ್ತು ಗಂಟೆಗೆ ಮೀಟಿಂಗ್ ಇದೆ."

ಮೀಟಿಂಗ್ ತಪ್ಪಲಿಲ್ಲ, ಒಂದು ವಾರ ಪಾತ್ರೆ ತೊಳೆಯುವುದು ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ಅಪ್ಪ ವಿಡಿಯೋ ಕಾಲ್ ಮಾಡಿದರು. ತೀರ್ಥಹಳ್ಳಿಯಲ್ಲಿ ಅವರ ಹತ್ತಿರ ಚೇತಕ್ ಸ್ಕೂಟರ್ ಇತ್ತು, ಬೆಳಗ್ಗೆ ಅದನ್ನು ಪಕ್ಕಕ್ಕೆ ವಾಲಿಸಿ, ಪ್ಲಗ್ ಬಿಚ್ಚಿ ಉಪ್ಪು ಕಾಗದದಲ್ಲಿ ಉಜ್ಜಿ, ಆಮೇಲೇ ಕಿಕ್ ಹೊಡೆಯುತ್ತಿದ್ದರು. ನನ್ನ ಮೂತಿಗೆ ಹತ್ತಿದ್ದ ಮಸಿ ನೋಡಿ ಕೇಳಿದರು: "ಅಲ್ಲೋ ಮಾರಾಯ, ಸ್ಕೂಟರ್ ರಿಪೇರಿ ಮಾಡಕ್ಕೆ ಅಷ್ಟು ದೂರ ಹೋದ್ಯಾ?"

ಆ ಕ್ಲಚ್ ಆದಮೇಲೆ ನನಗೆ ಹಠ ಬಂತು. ಈ ಕಾರಿನಲ್ಲಿ ರಬ್ಬರ್ ಎಲ್ಲೆಲ್ಲಿ ಇದೆ ಅಂತ ಹುಡುಕುತ್ತಾ ಹೋದೆ. ಟೈರಿನಿಂದಲೇ ಶುರು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆ ಅಚ್ಚಾಗಿರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನದರಲ್ಲಿ 3809 ಅಂತ ಇತ್ತು. 2009ರ ಮೂವತ್ತೆಂಟನೇ ವಾರ. ಮೇಲಿನ ಗೀರುಗಳು ಪೂರ್ತಿ ಆಳವಾಗಿದ್ದವು, ನೋಡಲು ಹೊಸದೇ. ಉಗುರು ಒತ್ತಿ ನೋಡಿದರೆ ಕಲ್ಲು. ಮಳೆಯಲ್ಲಿ ಅಂಥ ಟೈರು ಹಾಕಿಕೊಂಡು, ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗುವ ಹಗುರ ಕಾರನ್ನು ಓಡಿಸುವುದು ಅಂದರೆ ಪಾಚಿ ಕಟ್ಟಿದ ಅಂಗಳದಲ್ಲಿ ಹವಾಯಿ ಚಪ್ಪಲಿ ಹಾಕಿ ಓಡಿದ ಹಾಗೆ. ಮೊದಲ ಖರ್ಚು ಅದೇ ಆಗಲಿ, ಮ್ಯೂಸಿಕ್ ಸಿಸ್ಟಂ ಆಮೇಲೆ.

ಮುಂದೆ ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನ ವಾಲ್ವುಗಳು ಪಿಸ್ಟನ್ನಿನ ತಾಳಕ್ಕೆ ಸರಿಯಾಗಿ ತೆರೆದು ಮುಚ್ಚುವಂತೆ ಮಾಡುವ ಹಲ್ಲಿನ ರಬ್ಬರ್ ಪಟ್ಟಿ. ಕಂಪನಿ ಪುಸ್ತಕದಲ್ಲಿ 60 ಸಾವಿರ ಮೈಲಿಗೆ ಬದಲಿಸಿ ಅಂತ ಇದೆ. ನನ್ನದು 41 ಸಾವಿರ, ಲೆಕ್ಕದ ಪ್ರಕಾರ ಇನ್ನೂ ಬೇಕಾದಷ್ಟು ಆಯಸ್ಸಿತ್ತು. ಆದರೆ ಬೆಲ್ಟಿಗೆ ಮೈಲಿ ಎಣಿಸಲು ಬರುವುದಿಲ್ಲ, ವಯಸ್ಸು ಮಾತ್ರ ಆಗುತ್ತದೆ. ಒಂದು ಒಳ್ಳೆಯ ವಿಷಯ ಏನು ಅಂದರೆ ಈ 1.6 ಲೀಟರ್ ಎಂಜಿನ್ನಿನಲ್ಲಿ ಬೆಲ್ಟ್ ಕಡಿದರೂ ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿಯುವುದಿಲ್ಲ. ಕಾರು ನಿಲ್ಲುತ್ತದೆ, ನೀವು ಬೈಯುತ್ತೀರಿ, ಅಷ್ಟೇ. ಬೇರೆ ಎಷ್ಟೋ ಕಾರುಗಳಲ್ಲಿ ಎಂಜಿನ್ನೇ ಹೋಗುತ್ತದೆ. ಹಾಗಾಗಿ ಕಲಿಯುವವರಿಗೆ ಇದಕ್ಕಿಂತ ಕರುಣೆ ಇರುವ ಎಂಜಿನ್ ಸಿಗುವುದು ಕಷ್ಟ.

ನಾನು ಮಾಡಿದ ಕೆಲಸಗಳಲ್ಲಿ ಮನಸ್ಸಿಗೆ ಹತ್ತಿರವಾದದ್ದು ಇದೇ. ಮೇಲೆ ಎರಡು ಕ್ಯಾಮ್ ಪುಲ್ಲಿ, ಅಂದರೆ ವಾಲ್ವು ತೆರೆಯುವ ದಂಡಗಳ ಚಕ್ರ, ಒಂದರಲ್ಲಿ ಇಂಗ್ಲಿಷಿನ "ಐ" ಅಕ್ಷರದ ಗುರುತು ಮೇಲಕ್ಕೆ, ಇನ್ನೊಂದರಲ್ಲಿ "ಇ" ಗುರುತು ಮೇಲಕ್ಕೆ ಬರಬೇಕು. ಎರಡರ ನಡುವೆ ಬೆಲ್ಟಿನ ಹಲ್ಲು ಸರಿಯಾಗಿ ಹತ್ತೊಂಬತ್ತು. ಹದಿನೆಂಟಲ್ಲ, ಇಪ್ಪತ್ತಲ್ಲ. ರಾತ್ರಿ ಹನ್ನೊಂದು ಗಂಟೆ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಬಿಳಿ ಪೇಂಟ್ ಪೆನ್ನಿನ ತುದಿಯಿಂದ ಒಂದೊಂದೇ ಹಲ್ಲು ಮುಟ್ಟಿ ಎಣಿಸಿದೆ. ಆಫೀಸಿನಲ್ಲಿ ಇಡೀ ದಿನ ಇಂಗ್ಲಿಷಿನಲ್ಲಿ ಲೆಕ್ಕ ಮಾಡುವವನು, ಇಲ್ಲಿ ಮಾತ್ರ ಒಂದು, ಎರಡು, ಮೂರು. ಮೂರು ಸಲ ಎಣಿಸಿದರೂ ಹತ್ತೊಂಬತ್ತೇ ಬಂತು, ಆದರೂ ನಂಬಿಕೆ ಬರಲಿಲ್ಲ. ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ ಮತ್ತೆ ಎಣಿಸಿದೆ. ಹತ್ತೊಂಬತ್ತು. ಬೆಳಗ್ಗೆ ಕೀ ತಿರುಗಿಸುವಾಗ ದೇವರ ಫೋಟೋಗೆ ಕೈ ಮುಗಿದೆ ಅಂತ ಹೇಳಿಕೊಳ್ಳಲು ನನಗೇನೂ ನಾಚಿಕೆ ಇಲ್ಲ. ಕಳಚಿದ ಹಳೆ ಬೆಲ್ಟನ್ನು ಹಿಂದಕ್ಕೆ ಮಡಚಿ ನೋಡಿದೆ, ಹಲ್ಲುಗಳ ಬುಡದಲ್ಲಿ ಸಾಲಾಗಿ ಸಣ್ಣ ಸಣ್ಣ ಬಿರುಕು. ಅಗೋ, ಆ ಮೊಳೆಗೆ ನೇತು ಹಾಕಿದ್ದೇನೆ.

ಈಗ ದುಡ್ಡಿನ ಮಾತು. "ನಾವೇ ಮಾಡಿಕೊಂಡರೆ ಎಷ್ಟು ಉಳಿತಾಯ ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಸುಮ್ನೆ ಸುಳ್ಳು ಹೇಳಲಾರೆ. ಬೆಲ್ಟಿಗೆ ಗ್ಯಾರೇಜಿನವರು ಕೇಳಿದ್ದು 1,100 ಡಾಲರ್. ಬೆಲ್ಟು, ವಾಟರ್ ಪಂಪು, ಸೀಲುಗಳು ಎಲ್ಲಾ ಸೇರಿ ನನಗೆ ಆದದ್ದು 200 ಚಿಲ್ಲರೆ. ಅದರ ಜೊತೆಗೆ ಟಾರ್ಕ್ ರೆಂಚು, ಸಾಕೆಟ್ ಸೆಟ್ಟು, ಜಾಕು, ನಾಲ್ಕು ಸ್ಟ್ಯಾಂಡು. ಆಮೇಲೆ "ಮುಂದೆ ಬೇಕಾಗುತ್ತದೆ" ಅಂತ ತಂದು ಇನ್ನೂ ಪ್ಲಾಸ್ಟಿಕ್ ಬಿಚ್ಚದ ಮೂರು ಸಾಮಾನು. ಮೂರು ವಾರಾಂತ್ಯ ಹೋಯಿತು. ಉಳಿತಾಯದ ಲೆಕ್ಕವನ್ನು ಹೆಂಡತಿಯ ಮುಂದೆ ಮಾತ್ರ ಹೇಳಿ, ನಿಮಗೆ ನೀವೇ ಹೇಳಿಕೊಳ್ಳಬೇಡಿ.

ಮತ್ತೆ ಯಾಕೆ ಮಾಡಬೇಕು? ಗ್ಯಾರೇಜಿನವರು ಹಾಳಾದದ್ದನ್ನು ಸರಿ ಮಾಡಿ ಕೊಡುತ್ತಾರೆ, ಅದು ಅವರ ಕೆಲಸ, ತಪ್ಪಿಲ್ಲ. ಆದರೆ ಮುಂದೆ ಏನು ಹಾಳಾಗಲಿದೆ ಅಂತ ಒಂದೊಂದು ಪೈಪನ್ನೂ ಹಿಚುಕಿ ನೋಡುವಷ್ಟು ಪುರುಸೊತ್ತು ಅವರಿಗೆಲ್ಲಿ? ಹಳೆ ಕಾರಿಗೆ ಬೇಕಾದದ್ದು ಅದೇ. ರೇಡಿಯೇಟರ್ ಹೋಸ್ ಹಿಚುಕಿದಾಗ ಒಳಗೆ ಚರಚರ ಅಂದರೆ ಅದರ ಕಾಲ ಮುಗಿದಿದೆ ಅಂತ ನನ್ನ ಕೈಗೆ ಗೊತ್ತು.

ಇಲ್ಲಿ ಒಂದು ಮಲೆನಾಡಿನ ವಿಷಯ. ಈ ಕಾರಿನ ಛಾವಣಿ ಬಟ್ಟೆಯದು ಅಂದೆನಲ್ಲ, ಅದರ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಎರಡು ಮೂಲೆಗೆ ಇಳಿದು, ಅಲ್ಲಿರುವ ಕೊಳವೆಗಳ ಮೂಲಕ ಹಿಂದಿನ ಚಕ್ರದ ಹತ್ತಿರ ಹೊರಗೆ ಹೋಗುತ್ತದೆ. ಎಲೆ, ಧೂಳು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಪಟ್ಟಿಯ ಒಳಗೆ ನಿಂತು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಕಾಣುವಷ್ಟರಲ್ಲಿ ಬೆರಳು ಒಳಗೆ ಹೋಗುವಷ್ಟು ತೂತು. ನಮ್ಮ ಹಂಚಿನ ಮನೆಯ ಸೂರಿಗೆ ಕಟ್ಟಿದ ಅಡಿಕೆ ದಬ್ಬೆಯಲ್ಲಿ ಕಸ ತುಂಬಿದರೆ ನೀರು ಗೋಡೆಗೆ ಇಳಿಯುತ್ತಿತ್ತಲ್ಲ, ಅದೇ ಕಥೆ. ಮುಂಗಾರಿಗೆ ಮುಂಚೆ ಅಪ್ಪ ಏಣಿ ಹತ್ತುತ್ತಿದ್ದರು. ನಾನು ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ ತೂರಿಸಿ ಮೇಲೆ ಕೆಳಗೆ ಆಡಿಸುತ್ತೇನೆ. ಹತ್ತು ನಿಮಿಷದ ಕೆಲಸ, ವರ್ಷಕ್ಕೆ ಎರಡು ಸಲ. ಗಾಳಿ ಪಂಪ್ ಹಿಡಿಯಬೇಡಿ, ಕೊಳವೆ ಒಳಗೇ ಕಳಚಿಕೊಂಡರೆ ಹೊಸ ತಲೆನೋವು.

ಹಾಗಂತ ಎಲ್ಲವನ್ನೂ ನಾನೇ ಮಾಡುತ್ತೇನೆ ಅಂತಲ್ಲ. ಏಸಿ ಗ್ಯಾಸ್ ಮುಟ್ಟುವುದಿಲ್ಲ, ವೀಲ್ ಅಲೈನ್‌ಮೆಂಟ್ ಹೊರಗೆ, ವೆಲ್ಡಿಂಗ್ ನನಗೆ ಬರುವುದಿಲ್ಲ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ, ಒಂದು ನಿಮಿಷದ ಕೆಲಸ ಆದರೂ ಸ್ಟ್ಯಾಂಡ್ ಇಡಿ. ಇನ್ನೊಂದು, ಬಲ ಹಾಕುವ ಮುಂಚೆ ಪುಸ್ತಕ ಓದಿ. ಬ್ರೇಕ್ ಪ್ಯಾಡ್ ಬದಲಿಸುವಾಗ ಇದರ ಹಿಂದಿನ ಬ್ರೇಕ್ ಪಿಸ್ಟನ್ ಮುಂದಿನದರ ಹಾಗೆ ಒತ್ತಿದರೆ ಒಳಗೆ ಹೋಗುವುದಿಲ್ಲ. ಹಿಂದೆ ಒಂದು 14 ನಂಬರಿನ ಬೋಲ್ಟ್ ತೆಗೆದು, ಅದರೊಳಗೆ 4 ಮಿಲಿಮೀಟರ್ ಆಲನ್ ಕೀ ಹಾಕಿ ತಿರುಗಿಸಬೇಕು. ಗೊತ್ತಿಲ್ಲದೆ ನಾನು ಒಂದು ಗಂಟೆ ಕ್ಲ್ಯಾಂಪ್ ಹಾಕಿ ಒದ್ದಾಡಿದೆ. ಪುಣ್ಯಕ್ಕೆ ಮುರಿಯಲಿಲ್ಲ.

ಇದೇ ಕಾರು ಯಾಕೆ ಅಂತ ಕೇಳಿದರೆ, ಸಾಮಾನು ಸಿಗುತ್ತದೆ. 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ತೋರಿಸಿದ್ದು, ಅರವತ್ತರ ದಶಕದ ಬ್ರಿಟಿಷ್ ರೋಡ್‌ಸ್ಟರ್‌ಗಳ, ಅಂದರೆ ಎರಡು ಸೀಟಿನ ತೆರೆದ ಕಾರುಗಳ, ಮೋಜು ಇರಲಿ, ಅವುಗಳ ರಿಪೇರಿ ಕಾಟ ಬೇಡ ಅಂತ ಜಪಾನಿನವರು ಮಾಡಿದ್ದು. 116 ಹಾರ್ಸ್‌ಪವರ್, ತೂಕ ಸುಮಾರು ಸಾವಿರ ಕೆಜಿ. 2016ರಲ್ಲಿ ಎಲ್ಲಾ ತಲೆಮಾರು ಸೇರಿ ಹತ್ತು ಲಕ್ಷದ ಕಾರು ಹೊರಬಂತು. ಅಷ್ಟು ಇದ್ದಮೇಲೆ ಬಿಡಿಭಾಗ ಮಾಡುವವರೂ ಇರುತ್ತಾರೆ. ಇದೇ ವಯಸ್ಸಿನ ಅಪರೂಪದ ಕಾರು ತಗೊಂಡ ಗೆಳೆಯನೊಬ್ಬ ಒಂದು ರಬ್ಬರ್ ಪೈಪಿಗೆ ನಾಲ್ಕು ತಿಂಗಳು ಕಾದ.

ಹಾಗಾಗಿ 38 ಸಾವಿರ ಮೈಲಿಯವರೇ, ಆ ಕಾರಿನ ಪಕ್ಕದಲ್ಲಿ ಒಂದೂವರೆ ಲಕ್ಷ ಮೈಲಿ ಓಡಿದ, ಬಣ್ಣ ಮಾಸಿದ, ಆದರೆ ರಸೀತಿಗಳ ದಪ್ಪ ಕಟ್ಟು ಇರುವ ಇನ್ನೊಂದು ಕಾರು ಮಾರಾಟಕ್ಕಿದ್ದರೆ ನಾನು ಅದನ್ನೇ ತಗೊಳ್ಳುತ್ತೇನೆ. ಚಳಿಗಾಲದಲ್ಲಿ ನಾನೂ ನಿಲ್ಲಿಸುತ್ತೇನಲ್ಲ ಅಂತ ಕೇಳಬಹುದು. ನಾಲ್ಕು ತಿಂಗಳು ನಿಲ್ಲಿಸುವುದು ನಿದ್ದೆ. ಹತ್ತು ವರ್ಷ ನಿಲ್ಲಿಸುವುದು ಬೇರೆ.

ಅಂದಹಾಗೆ, ಕ್ಯಾಮೆರಾ ಸ್ವಲ್ಪ ಕೆಳಗೆ ತಿರುಗಿಸುತ್ತೇನೆ. ಕಾರಿನ ಕೆಳಗೆ ಆ ರಟ್ಟು ಕಾಣುತ್ತಿದೆಯಾ? ಅದರ ಮೇಲೆ ಐದು ರೂಪಾಯಿ ನಾಣ್ಯದಷ್ಟು ಎಣ್ಣೆ ಕಲೆ. ಎಂಜಿನ್ನಿನ ಹಿಂದುಗಡೆ, ಕೈ ಹೋಗದ ಜಾಗದಲ್ಲಿ, ಕ್ಯಾಮ್ ದಂಡ ಎಷ್ಟು ತಿರುಗಿದೆ ಅಂತ ಅಳೆಯುವ ಕ್ಯಾಮ್ ಆಂಗಲ್ ಸೆನ್ಸರ್ ಅಂತ ಇದೆ, ಅದಕ್ಕೊಂದು ರಬ್ಬರ್ ರಿಂಗು. ಬಳೆಗಿಂತ ಚಿಕ್ಕದು. ಹೊಸ ರಿಂಗು ತಂದು ಆ ಡ್ರಾಯರಿನಲ್ಲಿ ಇಟ್ಟು ಎರಡು ವರ್ಷ ಆಯಿತು. ಈಗ ಅದಕ್ಕೂ ವಯಸ್ಸಾಗುತ್ತಿದೆ.