ಕಾಡಿನ ಹುದ್ದೆ ಕಾಡಿನವರಿಗೂ ಸಿಗಲಿ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಯಾವುದಾದರೂ ಸರ್ಕಾರಿ ಕಚೇರಿಗೆ ಹೋದರೆ ಒಂದು ಸಲ ಸುತ್ತ ನೋಡಿ. ಅರ್ಜಿ ಹಿಡಿದು ನಿಂತವರಲ್ಲಿ ಸಿದ್ದಿಗಳು, ಅಂದರೆ ಇಲ್ಲಿನ ಕಾಡಂಚಿನ ಆಫ್ರಿಕಾ ಮೂಲದ ಬುಡಕಟ್ಟಿನವರು, ಕಾಣುತ್ತಾರೆ. ಆ ಅರ್ಜಿ ತಗೊಳ್ಳುವ ಕುರ್ಚಿಯಲ್ಲಿ?

ಮೀಸಲಾತಿ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇದೆ. ನಮ್ಮ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2022ರಲ್ಲಿ ರಾಜ್ಯ ಸರ್ಕಾರ ಎಸ್‌ಟಿ ಮೀಸಲಾತಿಯನ್ನು ಶೇ 3ರಿಂದ ಶೇ 7ಕ್ಕೆ ಏರಿಸಿತು. ಒಳ್ಳೆಯ ಕೆಲಸ, ಬೇಕಾಗಿತ್ತು. ಆದರೆ ಆ ಶೇ 7 ಇಡೀ ರಾಜ್ಯದ ಎಲ್ಲ ಪಂಗಡಗಳಿಗೂ ಸೇರಿದ್ದು. ಅದರಲ್ಲಿ ದೊಡ್ಡ ಸಮುದಾಯಗಳಿವೆ, ಧಾರವಾಡದಲ್ಲಿ ರೂಮ್ ಮಾಡಿಕೊಂಡು ಕೋಚಿಂಗ್ ತಗೊಳ್ಳುವವರಿದ್ದಾರೆ, ಅವರ ಹಕ್ಕನ್ನು ನಾನು ಪ್ರಶ್ನೆ ಮಾಡುತ್ತಿಲ್ಲ, ಆದರೆ ಕಾಡಿನೊಳಗಿನ ಕೇರಿಯಿಂದ ಬಂದು ಹಾಸ್ಟೆಲ್ಲಿನಲ್ಲಿ ಓದಿ ತನ್ನ ಮನೆಯಲ್ಲಿ ಮೊದಲು ಪಿಯುಸಿ ಮುಗಿಸಿದ ಸಿದ್ದಿ ಹುಡುಗಿಯೂ ಅದೇ ಕಟ್‌ಆಫ್ ದಾಟಬೇಕು ಅಂದರೆ ಹೇಗೆ?

ನಮ್ಮದೇ ಜಿಲ್ಲೆಯ ಜೋಯಿಡಾದ ಕುಣಬಿ ಬುಡಕಟ್ಟಿನವರ ಕಥೆ ಇನ್ನೂ ಬೇಸರದ್ದು. ಗಡಿಯಾಚೆ ಗೋವಾದಲ್ಲಿ ಅದೇ 2003ರಿಂದ ಕುಣಬಿಗಳು ಎಸ್‌ಟಿ. ಈ ಕಡೆ ಅವರ ಹೆಸರು ಪಟ್ಟಿಯಲ್ಲಿಲ್ಲ. ಇದೇ ಜಿಲ್ಲೆಯ ಇನ್ನೊಂದು ಬುಡಕಟ್ಟು ಸಮುದಾಯವಾದ ಹಾಲಕ್ಕಿ ಒಕ್ಕಲಿಗರದ್ದೂ ಇಲ್ಲ. ಮನವಿ ಕೊಟ್ಟು ಕೊಟ್ಟು ಸೋತಿದ್ದಾರೆ.

ಅಂಕೋಲಾ ತಾಲೂಕಿನ ತುಳಸಿ ಗೌಡರು ಗೊತ್ತಲ್ವಾ? ಹಾಲಕ್ಕಿ ಅಜ್ಜಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿ ಮಾಡಿದರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ತಾಯಿಮರ ಯಾವುದು, ಎಲ್ಲ ಅವರಿಗೆ ಗೊತ್ತಿತ್ತು. ಶಾಲೆಗೆ ಹೋದವರಲ್ಲ. ಕೆಲಸ ಖಾಯಂ ಆಗಿದ್ದು ತುಂಬಾ ತಡವಾಗಿ. 2021ರಲ್ಲಿ ಬರಿಗಾಲಿನಲ್ಲಿ ನಡೆದುಹೋಗಿ ಪದ್ಮಶ್ರೀ ತಗೊಂಡರು, 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಇಷ್ಟು ತಿಳಿದವರನ್ನು ಅಷ್ಟು ವರ್ಷ ದಿನಗೂಲಿಯಲ್ಲೇ ಇಟ್ಟ ವ್ಯವಸ್ಥೆ ನನಗೆ ಸರಿ ಅನಿಸುವುದಿಲ್ಲ.

ದಾರಿ ಇದೆ. ಕೇರಳದಲ್ಲಿ ಬುಡಕಟ್ಟಿನವರಿಗೇ ಅಂತ 500 ಬೀಟ್ ಫಾರೆಸ್ಟ್ ಆಫೀಸರ್ ಹುದ್ದೆಗಳಿಗೆ ಲೋಕಸೇವಾ ಆಯೋಗದ ಮೂಲಕ ವಿಶೇಷ ನೇಮಕಾತಿ ಮಾಡಿದರು. ನಮ್ಮ ಜಿಲ್ಲೆಯಲ್ಲೂ ಅರಣ್ಯ ವೀಕ್ಷಕ, ಗಸ್ತು ಅರಣ್ಯ ಪಾಲಕ ಹುದ್ದೆಗಳಿಗೆ ಹಾಗೆ ಮಾಡಲಿ. ಹಾಗಂತ ಕಾಡು ಕಾಯುವ ಕೆಲಸಕ್ಕೇ ನಿಲ್ಲಿಸಬೇಡಿ. ಸಿದ್ದಿ ಹುಡುಗರು ಗುಮಾಸ್ತರೂ ಆಗಬೇಕು, ಪಿಡಿಒ, ತಹಶೀಲ್ದಾರರೂ ಆಗಬೇಕು. ಅದಕ್ಕೆ ಯಲ್ಲಾಪುರದಲ್ಲೋ ಹಳಿಯಾಳದಲ್ಲೋ ಉಚಿತ ಕೋಚಿಂಗ್ ಬೇಕು, ಊಟ ವಸತಿ ಸಮೇತ.

2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡಾಗ ನಮಗೆಲ್ಲ ಹೆಮ್ಮೆಯಾಯಿತು. ಆದರೆ ಮನೆಗೊಂದು ತಿಂಗಳ ಸಂಬಳ ಬಂದರೆ ಆಗುವ ಬದಲಾವಣೆ ಬೇರೆ. ತಂಗಿ ಕಾಲೇಜು ಬಿಡುವುದಿಲ್ಲ, ಅಪ್ಪ ಸಾಲಕ್ಕೆ ತೋಟದ ಕೆಲಸಕ್ಕೆ ಬೀಳುವುದಿಲ್ಲ.

ನಿಮ್ಮ ಶಾಸಕರು ಊರಿಗೆ ಬಂದಾಗ ಎರಡೇ ಪ್ರಶ್ನೆ ಕೇಳಿ: ನಮ್ಮ ಜಿಲ್ಲೆಗೆ ವಿಶೇಷ ನೇಮಕಾತಿ ಯಾವಾಗ? ಕುಣಬಿ, ಹಾಲಕ್ಕಿಗಳ ಕಡತ ಈಗ ಯಾರ ಮೇಜಿನ ಮೇಲಿದೆ?