ಸ್ಲೋ ಕುಕ್ಕರ್‌ನಲ್ಲಿ ಗೊಜ್ಜು ಮಾಡೋಕೆ ಹೋದ್ರೆ ಸಾರಾಗೋದು ಯಾಕೆ?

[ದೃಶ್ಯ: ಸ್ಲೋ ಕುಕ್ಕರ್ ತೆರೆದಾಗ ಕಾಣುವ ತೆಳ್ಳಗಿನ ಕೋಳಿ ಗೊಜ್ಜು. ಸೌಟಲ್ಲಿ ಎತ್ತಿದರೆ ಮಸಾಲೆ ಒಂದು ಕಡೆ, ನೀರು ಒಂದು ಕಡೆ.]

ನಮಸ್ಕಾರ. ಅಮೆರಿಕ, ಇಂಗ್ಲೆಂಡ್ ಕಡೆ ಇರೋ ನಮ್ಮವರ ಅಡುಗೆಮನೆಯಿಂದ ಬರೋ ಪ್ರಶ್ನೆ ಇದು. ಬೆಳಿಗ್ಗೆ ಸ್ಲೋ ಕುಕ್ಕರ್‌ಗೆ ಕೋಳಿ, ಮಸಾಲೆ ಹಾಕಿ ಕೆಲಸಕ್ಕೆ ಹೊರಟರೆ, ಸಂಜೆ ಹೊತ್ತಿಗೆ ಮಾಂಸವೇನೋ ಮೆತ್ತಗೆ ಬೆಂದಿರುತ್ತೆ, ಆದರೆ ಗೊಜ್ಜು ನೀರು ನೀರು. ಒಲೆ ಮೇಲೆ ಮಾಡುವಾಗ ಹಾಕುವಷ್ಟೇ ನೀರು ಹಾಕಿದ್ದು. ಹಾಗಾದರೆ ಈ ಹೆಚ್ಚುವರಿ ನೀರು ಬಂದದ್ದು ಎಲ್ಲಿಂದ?

ಯಂತ್ರದ ಬಗ್ಗೆ ಬೇಗ ಹೇಳಿಬಿಡ್ತೀನಿ. ಒಳಗೆ ಪಿಂಗಾಣಿ ಪಾತ್ರೆ, ಸುತ್ತ ಬಿಸಿ ಮಾಡುವ ತಂತಿ, ಮೇಲೆ ಭಾರದ ಗಾಜಿನ ಮುಚ್ಚಳ. ಲೋ ಇಡಿ, ಹೈ ಇಡಿ, ಬಹುತೇಕ ಮಾದರಿಗಳಲ್ಲಿ ಕೊನೆಗೆ ಮುಟ್ಟುವ ಬಿಸಿ ಹೆಚ್ಚುಕಡಿಮೆ ಒಂದೇ, ಕುದಿಯುವ ಮಟ್ಟಕ್ಕಿಂತ ತುಸು ಕೆಳಗೆ. ಅಲ್ಲಿಗೆ ತಲುಪೋಕೆ ಹಿಡಿಯುವ ಸಮಯ ಮಾತ್ರ ಬೇರೆ.

[ಹತ್ತಿರದ ದೃಶ್ಯ: ಗಾಜಿನ ಮುಚ್ಚಳದ ಒಳಮೈ. ಹನಿಗಳು ಕೂಡಿಕೊಂಡು ಅಂಚಿಗೆ ಜಾರುತ್ತವೆ.]

ಈಗ ಮುಚ್ಚಳ ನೋಡಿ. ಇಡ್ಲಿ ಪಾತ್ರೆ ಮುಚ್ಚಳ ಎತ್ತಿದ ಕೂಡಲೇ ತಟತಟ ಅಂತ ನೀರು ಸುರಿಯುತ್ತಲ್ಲ, ಇಲ್ಲೂ ಅದೇ ನಡೆಯೋದು, ಅದೂ ಆರು ಗಂಟೆ ಬಿಡದೆ. ಎದ್ದ ಹಬೆ ಗಾಜಿಗೆ ತಾಗಿ ನೀರಾಗಿ, ಅಂಚಿಗೆ ಜಾರಿ, ಅಲ್ಲೇ ನಿಂತು ಸಂದನ್ನೂ ಮುಚ್ಚಿಬಿಡುತ್ತೆ. ಮಿಕ್ಕದ್ದು ವಾಪಸ್ ಗೊಜ್ಜಿಗೆ. ಹೊರಗೆ ಹೋಗೋದು ಅತ್ಯಲ್ಪ.

ಇದು ಯಂತ್ರದ ದೋಷ ಅಲ್ಲ. ಅಮೆರಿಕದ ಅರ್ವಿಂಗ್ ನ್ಯಾಕ್ಸನ್ ಅನ್ನೋರು 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು, ಮುಂದೆ ಇದು ಮಾರುಕಟ್ಟೆಗೆ ಬಂದದ್ದು ‘ನ್ಯಾಕ್ಸನ್ ಬೀನರಿ’ ಅನ್ನೋ ಹೆಸರಲ್ಲಿ. ಹೆಸರೇ ಹೇಳುವ ಹಾಗೆ ಕಾಳು ಬೇಯಿಸುವ ಪಾತ್ರೆ. 1971ರಲ್ಲಿ ರೈವಲ್ ಕಂಪನಿ ಅದನ್ನೇ ತಿದ್ದಿ ‘ಕ್ರಾಕ್ ಪಾಟ್’ ಅಂತ ಮಾರಿತು. ಒಣಗಿದ ಕಾಳು ನೀರು ಕುಡಿಯುತ್ತೆ, ಹಾಗಾಗಿ ಕಾಳಿಗೆ ನೀರು ಉಳಿಸುವ ಪಾತ್ರೆ ವರ. ಕೋಳಿ, ಈರುಳ್ಳಿ, ಟೊಮೆಟೊ ನೀರು ಕುಡಿಯೋದಿಲ್ಲ, ಬಿಡುತ್ತವೆ.

ಎಷ್ಟು ಬಿಡುತ್ತವೆ? ಇದನ್ನ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಇಡೀ ಸಮಸ್ಯೆ ಇಲ್ಲೇ ಇದೆ.

[ಪರದೆ ಮೇಲೆ ಲೆಕ್ಕ ಒಂದೊಂದಾಗಿ ಮೂಡುತ್ತದೆ.]

ಒಂದು ಕೆಜಿ ಕೋಳಿ ಬೇಯುವಾಗ ತೂಕದಲ್ಲಿ ಕಾಲು ಭಾಗದಷ್ಟು ಕಳೆದುಕೊಳ್ಳುತ್ತೆ, ಸುಮಾರು 250 ಎಂಎಲ್. ಟೊಮೆಟೊದಲ್ಲಿ 94ರಿಂದ 95 ಶೇಕಡಾ ನೀರು, ಅಂದ್ರೆ 300 ಗ್ರಾಂಗೆ 280 ಎಂಎಲ್. ಈರುಳ್ಳಿಯಲ್ಲಿ 89 ಶೇಕಡಾ, 300 ಗ್ರಾಂಗೆ 265 ಎಂಎಲ್. ಕೂಡಿದರೆ ಮುಕ್ಕಾಲು ಲೀಟರ್ ದಾಟಿತು! ಆರು ಗಂಟೆಯಲ್ಲಿ ಈರುಳ್ಳಿ, ಟೊಮೆಟೊ ಕರಗಿಹೋಗುತ್ತವೆ, ಹಾಗಾಗಿ ಇದರಲ್ಲಿ ಬಹುಪಾಲು ಗೊಜ್ಜಿಗೇ ಸೇರುತ್ತೆ. ನೀವಿನ್ನೂ ಒಂದು ಲೋಟ ನೀರೂ ಹಾಕಿಲ್ಲ.

ಇದರ ಮೇಲೆ ಯಾರ ಲೆಕ್ಕಕ್ಕೂ ಸಿಗದ ಇನ್ನೊಂದು ನೀರಿದೆ: ಮಿಕ್ಸಿ ಜಾರ್ ತೊಳೆದದ್ದು. ಮಸಾಲೆ ವ್ಯರ್ಥ ಆಗಬಾರದು ಅಂತ ಜಾರ್‌ಗೆ ಒಂದು ಲೋಟ ನೀರು ಬಿಟ್ಟು, ಕುಲುಕಿ, ಪಾತ್ರೆಗೆ ಹುಯ್ಯೋದು ನಮ್ಮ ಕೈಗೆ ಅಭ್ಯಾಸ. ಒಲೆ ಮೇಲೆ ಅದು ಹತ್ತು ನಿಮಿಷದಲ್ಲಿ ಇಂಗಿಹೋಗುತ್ತೆ. ಇಲ್ಲಿ ಇಂಗೋ ಮಾತೇ ಇಲ್ಲ. ನಾಲ್ಕು ಚಮಚ ನೀರಲ್ಲಿ ಜಾರ್ ತೊಳೆಯಿರಿ, ಸಾಕು.

‘ಕೊನೆಗೆ ಮುಚ್ಚಳ ತೆಗೆದಿಟ್ಟರೆ ಇಂಗಲ್ವಾ?’ ಅಂತೀರಿ. ಅರ್ಧ ಲೀಟರ್ ನೀರು ಆವಿಯಾಗೋಕೆ ಸುಮಾರು 1130 ಕಿಲೋಜೂಲ್ ಶಾಖ ಬೇಕು. 250 ವ್ಯಾಟ್ ಕುಕ್ಕರ್ ತನ್ನ ಬಿಸಿಯನ್ನೆಲ್ಲ ಒಂದಿಷ್ಟೂ ಸೋರದೆ ಅದಕ್ಕೇ ಕೊಟ್ಟರೂ ಒಂದೂಕಾಲು ಗಂಟೆ. ನಿಜವಾಗಿ ಅರ್ಧಕ್ಕರ್ಧ ಬಿಸಿ ಪಾತ್ರೆಯ ಗೋಡೆಯಿಂದ, ತೆರೆದ ಬಾಯಿಂದ ಹೋಗಿಬಿಡಬಹುದು. ಹೈನಲ್ಲಿಟ್ಟು ಮುಚ್ಚಳ ಓರೆ ಮಾಡಿ ಕೊನೆಯ 45 ನಿಮಿಷ ಬಿಟ್ಟರೆ ಸ್ವಲ್ಪ ಮಂದವಾದೀತು, ಅಷ್ಟೇ. ಗೊಜ್ಜು ಪೂರ್ತಿ ನೀರಾಗಿದ್ದರೆ ಮಾಂಸ ಎತ್ತಿಟ್ಟು, ರಸವನ್ನ ಅಗಲ ಬಾಣಲೆಗೆ ಸುರಿದು ಒಲೆ ಮೇಲೆ ದೊಡ್ಡ ಉರಿಯಲ್ಲಿ ಇಂಗಿಸಿ. ಉಪ್ಪನ್ನ ಮಾತ್ರ ಇಂಗಿಸಿದ ಮೇಲೆ ಸರಿಮಾಡಿ, ಮೊದಲೇ ಸರಿಯಾಗಿದ್ದರೆ ಆಮೇಲೆ ಉಪ್ಪುಪ್ಪಾಗುತ್ತೆ.

ಆದರೆ ನೀರನ್ನ ಒಳಗೆ ಬಿಡದೇ ಇರೋದೇ ಒಳ್ಳೇದು. ಈರುಳ್ಳಿಯನ್ನ ಬಾಣಲೆಯಲ್ಲಿ ಕೆಂಪಗೆ ಹುರಿಯಿರಿ: 300 ಗ್ರಾಂ ಮೂರನೇ ಒಂದು ಪಾಲಿನ ಹತ್ತಿರ ಇಳಿಯುತ್ತೆ, ಅಲ್ಲಿಗೆ ಒಂದು ಲೋಟ ನೀರು ಹೋಯ್ತು. ಅದಕ್ಕೇ ಟೊಮೆಟೊ ಹಾಕಿ ಎಣ್ಣೆ ಬಿಡೋವರೆಗೆ ಬಾಡಿಸಿ. ಕೋಳಿಯ ಪಸೆ ಒರೆಸಿ, ಬಿಸಿ ಬಾಣಲೆಯಲ್ಲಿ ಎರಡೂ ಮಗ್ಗುಲು ಕೆಂಪು ಮಾಡಿ. ಆ ಕೆಂಪು, ಆ ಘಮ ಬರೋಕೆ 140 ಡಿಗ್ರಿ ಸೆಲ್ಸಿಯಸ್ ಮೇಲೆ ಬಿಸಿ ಬೇಕು, ಸ್ಲೋ ಕುಕ್ಕರ್ 100 ದಾಟೋದಿಲ್ಲ. ‘ಎಲ್ಲ ಹಸಿಯಾಗಿ ಸುರಿದು ಹೋಗಿ’ ಅನ್ನೋ ಪಾಕಗಳು ನಮ್ಮ ಗೊಜ್ಜಿಗೆ ಹೊಂದೋದಿಲ್ಲ, ಈ ಇಪ್ಪತ್ತು ನಿಮಿಷ ಒಲೆ ಮುಂದೆ ನಿಲ್ಲಲೇಬೇಕು. ಹಿಂದಿನ ರಾತ್ರಿಯೇ ಈರುಳ್ಳಿ, ಟೊಮೆಟೊ ಹುರಿದು ಫ್ರಿಜ್‌ನಲ್ಲಿ ಇಟ್ಟುಕೊಳ್ಳಬಹುದು, ಕೋಳಿಯನ್ನ ಮಾತ್ರ ಬೆಳಿಗ್ಗೆಯೇ ಕೆಂಪು ಮಾಡಿ. ಆಮೇಲೆ ಹೆಚ್ಚೆಂದರೆ ಅರ್ಧ ಲೋಟ ನೀರು. ಮೂಳೆ ಸಮೇತದ ಕಾಲು, ತೊಡೆ ಆದರೆ ಲೋನಲ್ಲಿ ಐದಾರು ಗಂಟೆ.

ತೆಂಗಿನಕಾಯಿ ಮಸಾಲೆ ಬೆಳಿಗ್ಗೆ ಹಾಕಬೇಡಿ, ಎಣ್ಣೆ ಬಿಟ್ಟು ತರಿತರಿಯಾಗುತ್ತೆ. ಎರಡು ಚಮಚ ಹುರಿಗಡಲೆ ಸೇರಿಸಿ ನುಣ್ಣಗೆ ರುಬ್ಬಿ, ಕೊನೆಯ ಅರ್ಧ ಗಂಟೆ ಹೈನಲ್ಲಿ ಹಾಕಿ. ಹುರಿಗಡಲೆ ನೀರು ಹೀರಿಕೊಂಡು ಗೊಜ್ಜನ್ನ ಹಿಡಿದಿಡುತ್ತೆ. ನನ್ನ ಮಟ್ಟಿಗೆ ನಮ್ಮ ಅಡುಗೆಗೆ ಕಾರ್ನ್ ಫ್ಲೋರ್‌ಗಿಂತ ಇದೇ ಮೇಲು. ಕಾರ್ನ್ ಫ್ಲೋರೇ ಬೇಕೆಂದರೆ, ಅಮೆರಿಕದಲ್ಲಿ ಕಾರ್ನ್ ಸ್ಟಾರ್ಚ್ ಅಂತ ಕೇಳಿ ತನ್ನಿ. ಒಂದು ಲೋಟ ರಸಕ್ಕೆ ಒಂದು ದೊಡ್ಡ ಚಮಚ, ಎರಡು ಚಮಚ ತಣ್ಣೀರಲ್ಲಿ ಗಂಟಿಲ್ಲದೆ ಕದಡಿ, ಹೈನಲ್ಲಿ 20ರಿಂದ 30 ನಿಮಿಷ ಮುಚ್ಚಿಡಿ. ಇದನ್ನೂ ಬೆಳಿಗ್ಗೆಯೇ ಹಾಕಬೇಡಿ: ತಾಸುಗಟ್ಟಲೆ ಬಿಸಿ, ಮೇಲೆ ಹುಣಸೆಹುಳಿ ಸೇರಿದರೆ ಪಿಷ್ಟ ಮುರಿದು ಮತ್ತೆ ತೆಳ್ಳಗಾಗುತ್ತೆ.

ಸಮಯ ಮುಗೀತಾ ಬಂತು, ಉಳಿದದ್ದು ಚುಟುಕಾಗಿ. ಪಾತ್ರೆ ಅರ್ಧದಿಂದ ಮೂರನೇ ಎರಡು ಭಾಗ ತುಂಬಿರಲಿ. ಫ್ರೀಜರ್‌ನಲ್ಲಿ ಗಟ್ಟಿಯಾದ ಮಾಂಸ ನೇರ ಹಾಕಬೇಡಿ. ಅದು ನೀರೂ ಬಿಡುತ್ತೆ, ಬಿಸಿಯಾಗೋದು ತಡವಾಗಿ ಕೆಡುವ ಅಪಾಯವೂ ಇದೆ. ನಡುನಡುವೆ ಮುಚ್ಚಳ ಎತ್ತಬೇಡಿ. ರಾಜ್ಮಾ ಮಾಡುವವರು ದಯವಿಟ್ಟು ಇದನ್ನ ಕೇಳಿ: ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ವಿಷಾಂಶ ಇದೆ, ಸ್ಲೋ ಕುಕ್ಕರ್ ಬಿಸಿ ಅದನ್ನ ಕಳೆಯುತ್ತೆ ಅಂತ ನಂಬೋಕೆ ಆಗಲ್ಲ. ಐದು ಗಂಟೆಗೂ ಹೆಚ್ಚು ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಒಲೆ ಮೇಲೆ ಅರ್ಧ ಗಂಟೆ ಕುದಿಸಿದ ಮೇಲೆಯೇ ಹಾಕಿ. ಮೊಸರು ಹಾಕೋದಾದರೆ ಕೊನೆಯ ಹದಿನೈದು ನಿಮಿಷದಲ್ಲಿ, ಕಡೆದು. ಕುಕ್ಕರ್ ಆರಿಸಿ ಹತ್ತು ನಿಮಿಷ ಬಿಡಿ, ಗೊಜ್ಜು ತಾನಾಗಿ ಇನ್ನೊಂಚೂರು ಮಂದವಾಗುತ್ತೆ. ಆಮೇಲೆ ಕರಿಬೇವು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಮುದ್ದೆ ಜೊತೆ ಬಡಿಸಿ.